ಮನೆಗೊಂದು ದೂರದರ್ಶಕ: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಮೊಳೆಯುತ್ತದೆ: “ಅಪ್ಪಾಜಿ, ನಮಗೂ ಒಂದು ದೂರದರ್ಶಕ ಬೇಕು.” 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ನೆಲವನ್ನು ಮುಟ್ಟಿದ ದೃಶ್ಯವನ್ನು ಮನೆಮಂದಿಯೆಲ್ಲ ಕುಳಿತು ನೋಡಿದ ಮೇಲೆ ಈ ಬೇಡಿಕೆಗೆ ಮತ್ತಷ್ಟು ಬಲ ಬಂದಿದೆ. ಆಸೆಯೇನೋ ಒಳ್ಳೆಯದು. ತಂದೆತಾಯಿಗಳೂ ಸಂತೋಷದಿಂದಲೇ ಹಣ ತೆರುತ್ತಾರೆ. ಮೊದಲ ವಾರ ಮಹಡಿಯ ಮೇಲೆ ಜಾತ್ರೆ; ನೆರೆಹೊರೆಯವರೆಲ್ಲ ಬಂದು ಚಂದ್ರನನ್ನು ನೋಡಿ ಹೋಗುತ್ತಾರೆ. ಎರಡನೆಯ ತಿಂಗಳು ಕಳೆಯುವಷ್ಟರಲ್ಲಿ ಅದೇ ದೂರದರ್ಶಕ ಅಟ್ಟ ಸೇರಿರುತ್ತದೆ. “ಹುಡುಗನಿಗೆ ಆಸಕ್ತಿ ಇಲ್ಲ, ಸುಮ್ಮನೆ ದುಡ್ಡು ಹಾಳು” ಎಂಬ ತೀರ್ಪೂ ಹೊರಬೀಳುತ್ತದೆ.

ಈ ತೀರ್ಪು ಬಹುಮಟ್ಟಿಗೆ ಅನ್ಯಾಯದ್ದು. ಹುಡುಗನ ಆಸಕ್ತಿ ಬತ್ತುವುದಕ್ಕೆ ಕಾರಣ ಸಾಮಾನ್ಯವಾಗಿ ನಡುಗುವ ಕಾಲುಗಳು ಮತ್ತು ಕಳಪೆ ಕಣ್ಣುಮಸೂರ. ಮುಂದಿನ ದೊಡ್ಡ ಗಾಜಿನಲ್ಲಿ ದೋಷವಿರುವುದು ಅಪರೂಪ. ಇದನ್ನರಿಯದ ಗೃಹಸ್ಥರು ಎರಡು ವರ್ಷ ಬಿಟ್ಟು ಇನ್ನೂ ದೊಡ್ಡ ಕೊಳವೆಯನ್ನು ಅಂಥದೇ ನಡುಗುವ ಕಾಲುಗಳ ಮೇಲೆ ಕೊಂಡು ತರುತ್ತಾರೆ. ಹಣ ಎರಡು ಬಾರಿ ಹೋಗುತ್ತದೆ, ಶನಿಯ ಉಂಗುರ ಮಾತ್ರ ಕಣ್ಣಿಗೆ ನಿಲ್ಲುವುದಿಲ್ಲ.

ದೂರದರ್ಶಕಗಳಲ್ಲಿ ಮುಖ್ಯವಾಗಿ ಎರಡು ಕುಲ: ಕನ್ನಡಿಯಿಂದ ಬೆಳಕನ್ನು ಕೂಡಿಸುವ ಪ್ರತಿಫಲನ ದೂರದರ್ಶಕ, ಮಸೂರದಿಂದ ಕೂಡಿಸುವ ವಕ್ರೀಭವನ ದೂರದರ್ಶಕ. ಗೆಲಿಲಿಯೋ ಕೈಯಲ್ಲಿದ್ದುದು ಎರಡನೆಯ ಬಗೆಯದು. ಪ್ರಸ್ತುತ ಲೇಖನದಲ್ಲಿ ಅದನ್ನೇ, ಅದರಲ್ಲಿಯೂ 80ರಿಂದ 120 ಮಿಲಿಮೀಟರ್ ವ್ಯಾಸದ ಮಸೂರವುಳ್ಳ ಮಧ್ಯಮ ಗಾತ್ರದ್ದನ್ನು ಕುರಿತು ವಿಚಾರ ಮಾಡಲಾಗಿದೆ. ಅಷ್ಟೇ ವ್ಯಾಸದ ಕನ್ನಡಿಯ ದೂರದರ್ಶಕಕ್ಕಿಂತ ಇದಕ್ಕೆ ಬೆಲೆ ಹೆಚ್ಚು. ಆದರೂ ಮಕ್ಕಳಿರುವ ಮನೆಗೆ ಇದು ಒಪ್ಪುವುದಕ್ಕೆ ಕಾರಣಗಳಿವೆ. ಕೊಳವೆ ಮುಚ್ಚಿರುವುದರಿಂದ ಧೂಳು ಒಳಹೋಗುವುದು ಕಡಿಮೆ. ಕನ್ನಡಿಗಳನ್ನು ಮತ್ತೆ ಮತ್ತೆ ನೇರಕ್ಕೆ ಹೊಂದಿಸುವ ಕೆಲಸವಿಲ್ಲ. ಒಳಗಿನಿಂದ ಹೊರಗೆ ತಂದ ಅರ್ಧ ಗಂಟೆಯಲ್ಲಿ ಸಿದ್ಧ. ಚೆನ್ನಾಗಿ ಇಟ್ಟುಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ.

ಪೆಟ್ಟಿಗೆಯ ಮೇಲಿನ ಲೆಕ್ಕ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು “525 ಪಟ್ಟು ದೊಡ್ಡದಾಗಿ ತೋರಿಸುತ್ತದೆ” ಎಂಬ ದಪ್ಪಕ್ಷರದ ಬರಹ. ಈ 525 ಎಲ್ಲಿಂದ ಬಂದಿತೆಂಬುದನ್ನು ಏಳನೆಯ ತರಗತಿಯ ಬಾಲಕನೂ ಲೆಕ್ಕ ಹಾಕಬಲ್ಲ. ಮುಂದಿನ ಮಸೂರದ ಸಂಗಮ ದೂರವನ್ನು ಕಣ್ಣುಮಸೂರದ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 60 ಮಿ.ಮೀ. ವ್ಯಾಸದ ಸಣ್ಣ ದೂರದರ್ಶಕದ ಸಂಗಮ ದೂರ 700 ಮಿ.ಮೀ.; ಜೊತೆಗೆ ಕೊಡುವ ಕಣ್ಣುಮಸೂರ 4 ಮಿ.ಮೀ.; ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಮಸೂರವನ್ನು ಸೇರಿಸಿದರೆ 525. ಲೆಕ್ಕ ಸರಿಯೇ. ಆದರೆ ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ವರ್ಧನೆಯೇ ಹೆಚ್ಚುಕಡಿಮೆ ಉಪಯುಕ್ತವಾದ ಮಿತಿ. ಅಂದರೆ 60 ಮಿ.ಮೀ.ಗೆ 120 ಪಟ್ಟು, 100 ಮಿ.ಮೀ.ಗೆ 200 ಪಟ್ಟು. ಅದನ್ನು ಮೀರಿದರೆ ಹಾಲಿಗೆ ನೀರು ಬೆರೆಸಿದಂತೆ: ಪ್ರಮಾಣ ಹೆಚ್ಚುತ್ತದೆ, ಸತ್ವ ಹೆಚ್ಚುವುದಿಲ್ಲ. ವರ್ಧನೆಯ ಸಂಖ್ಯೆಯನ್ನೇ ಮುಂದೆ ಮಾಡಿ ಮಾರುವ ದೂರದರ್ಶಕವನ್ನು ಕೊಳ್ಳದಿರುವುದೇ ಲೇಸು.

ಕೇಳಬೇಕಾದ ಸಂಖ್ಯೆಗಳು ಎರಡೇ. ಮೊದಲನೆಯದು ಮಸೂರದ ವ್ಯಾಸ, ಎರಡನೆಯದು ಸಂಗಮ ದೂರ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 102 ಮಿ.ಮೀ. ವ್ಯಾಸ, 1000 ಮಿ.ಮೀ. ಸಂಗಮ ದೂರ ಎಂದರೆ ಎಫ್/10 ಎಂದು ತಿಳಿಯತಕ್ಕದ್ದು.

ಈ ಎಫ್ ಸಂಖ್ಯೆಯ ಹಿಂದೆ ದೊಡ್ಡ ಇತಿಹಾಸವೇ ಇದೆ. ಒಂಟಿ ಗಾಜಿನ ಮಸೂರವು ಬೆಳಕಿನ ಬಣ್ಣಗಳನ್ನೆಲ್ಲ ಒಂದೇ ಬಿಂದುವಿನಲ್ಲಿ ಕೂಡಿಸಲಾರದು. ನೀಲಿ ಒಂದೆಡೆ ಕೂಡಿದರೆ ಕೆಂಪು ಇನ್ನೊಂದೆಡೆ. ಇದೇ ವರ್ಣದೋಷ. ಇದನ್ನು ತಗ್ಗಿಸಲು ಹದಿನೇಳನೆಯ ಶತಮಾನದ ಖಗೋಳಜ್ಞರು ಸಂಗಮ ದೂರವನ್ನು ಹೆಚ್ಚಿಸುತ್ತ ಹೋದರು. ಡಾನ್‌ಜಿಗ್ ನಗರದ ಹೆವೇಲಿಯಸ್ ಎಂಬಾತನ ದೂರದರ್ಶಕ ಸುಮಾರು 150 ಅಡಿ ಉದ್ದವಿದ್ದಿತಂತೆ! ಅದನ್ನು ಕಂಬಕ್ಕೆ ಕಟ್ಟಿ ಹಗ್ಗಗಳಿಂದ ಎಳೆದಾಡಬೇಕಾಗಿತ್ತು. ಕೊನೆಗೆ ಎರಡು ಬಗೆಯ ಗಾಜನ್ನು ಜೋಡಿಸಿ ಒಂದರ ದೋಷವನ್ನು ಇನ್ನೊಂದರಿಂದ ಕಳೆಯುವ ಉಪಾಯ ಇಂಗ್ಲೆಂಡಿನಲ್ಲಿ ಹೊಳೆಯಿತು. 1730ರ ದಶಕದಲ್ಲಿ ಚೆಸ್ಟರ್ ಮೂರ್ ಹಾಲ್ ಎಂಬ ನ್ಯಾಯವಾದಿ ಇದನ್ನು ಮೊದಲು ಮಾಡಿಸಿದನು. 1758ರಲ್ಲಿ ಜಾನ್ ಡಾಲಂಡ್ ಇದಕ್ಕೆ ಪೇಟೆಂಟ್ ಪಡೆದು ಹೆಸರೂ ಹಣವೂ ಗಳಿಸಿದನು. ಇಂದಿಗೂ ಮಧ್ಯಮ ಬೆಲೆಯ ದೂರದರ್ಶಕದಲ್ಲಿರುವುದು ಇದೇ ಜೋಡಿ ಗಾಜು, ಅರ್ಥಾತ್ ಆಕ್ರೊಮ್ಯಾಟ್.

ಜೋಡಿ ಗಾಜು ಕೂಡ ದೋಷವನ್ನು ಪೂರ್ತಿ ಕಳೆಯದು. 102 ಮಿ.ಮೀ. ಎಫ್/5 ದೂರದರ್ಶಕದಲ್ಲಿ ಚಂದ್ರನ ಅಂಚಿಗೂ ಲುಬ್ಧಕ ನಕ್ಷತ್ರದ ಸುತ್ತಲೂ ನೇರಳೆ ಬಣ್ಣದ ಪ್ರಭಾವಳಿ ಎದ್ದು ಕಾಣುತ್ತದೆ. ಅದೇ ವ್ಯಾಸದ ಎಫ್/10ರಲ್ಲಿ ಅದು ಅತ್ಯಲ್ಪ. ಎಫ್/5ರದು ಗಿಡ್ಡ ಕೊಳವೆ, ಪ್ರವಾಸಕ್ಕೆ ಒಯ್ಯಲು ಅನುಕೂಲ; ಕೃತ್ತಿಕೆಯಂಥ ವಿಶಾಲ ಗುಚ್ಛಗಳಿಗೆ ಚೆನ್ನ. ಚಂದ್ರ ಮತ್ತು ಗ್ರಹಗಳಿಗೆ ಉದ್ದ ಕೊಳವೆಯೇ ಮೇಲು. ಪಟ್ಟಣದ ದೀಪಗಳ ನಡುವೆ ಇರುವ ಮನೆಯವರಿಗೆ ಹೇಗೂ ಚಂದ್ರ, ಗುರು, ಶನಿ, ಜೋಡಿ ನಕ್ಷತ್ರಗಳೇ ನಿತ್ಯದ ನೋಟವಾಗಿರುವುದರಿಂದ 102 ಮಿ.ಮೀ. ಎಫ್/10 ಆಕ್ರೊಮ್ಯಾಟ್ ಅವರಿಗೆ ತಕ್ಕುದೆಂಬುದು ನನ್ನ ಅಭಿಪ್ರಾಯ. ವಿಶೇಷ ಗಾಜಿನ ‘ಇ.ಡಿ.’ ಎಂಬ ಬಗೆಯಲ್ಲಿ ಬಣ್ಣದ ದೋಷ ಬಹಳ ಕಡಿಮೆ. ಬೆಲೆ ಹಲವು ಪಟ್ಟು. ಅದರ ವಿಚಾರ ಮುಂದೆ ಬರುತ್ತದೆ. ಇನ್ನು ಕಂಪನಿಯ ಹೆಸರಿನ ಬಗ್ಗೆ ವಿಪರೀತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಮೆರಿಕದ ಹೆಸರುಳ್ಳ ಸೆಲೆಸ್ಟ್ರಾನ್ ಸಂಸ್ಥೆಯನ್ನು 2005ರಲ್ಲಿ ಕೊಂಡದ್ದು ತೈವಾನಿನ ಸಿಂಟಾ. ಸ್ಕೈ-ವಾಚರ್ ಎಂಬುದೂ ಅದರದೇ. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಮಸೂರ ಅನೇಕ ಸಲ ಅಣ್ಣತಮ್ಮಂದಿರಷ್ಟೇ ಹತ್ತಿರದ್ದು.

ಕಾಲುಗಳ ವಿಚಾರ

ಮನೆಯಲ್ಲಿ ಈಗಾಗಲೇ ದೂರದರ್ಶಕವಿದ್ದರೆ ಇಂದು ರಾತ್ರಿಯೇ ಒಂದು ಪರೀಕ್ಷೆ ಮಾಡಬಹುದು. ಗುರುಗ್ರಹವನ್ನೋ ಉಜ್ವಲವಾದ ನಕ್ಷತ್ರವೊಂದನ್ನೋ ನೂರು ಪಟ್ಟಿನ ಆಸುಪಾಸಿನ ವರ್ಧನೆಯಲ್ಲಿ ಹಿಡಿದು, ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಬೇಕು. ಬಿಂಬ ಎರಡು ಸೆಕೆಂಡಿನಲ್ಲಿ ನಿಂತರೆ ಪೀಠ ಉತ್ತಮ. ಐದಾರು ಸೆಕೆಂಡು ಕುಣಿಯುತ್ತಲೇ ಇದ್ದರೆ, ಆ ಮನೆಯ ಹುಡುಗ ಫೋಕಸ್ ತಿರುಪನ್ನು ಮುಟ್ಟಿದಾಗಲೆಲ್ಲ ಗುರುವಿನ ಬದಲು ಒಂದು ಬೆಳಕಿನ ಗೀಟನ್ನು ನೋಡುತ್ತಿದ್ದಾನೆ ಎಂದರ್ಥ. ದೊಡ್ಡವರೇ ಬೇಸತ್ತು ಎದ್ದುಹೋಗುವಂಥ ಅನುಭವ ಅದು. ಮೇಲ್ದರ್ಜೆಗೆ ಏರಿಸುವ ಯೋಚನೆಯಿದ್ದವರು ಮೊದಲ ಹಣವನ್ನು ಇಲ್ಲಿಯೇ ಹಾಕತಕ್ಕದ್ದು.

ಹಣ ಹಾಕುವ ಮುನ್ನ ಹಣವಿಲ್ಲದ ಉಪಾಯಗಳನ್ನು ಮಾಡಿ ನೋಡಬೇಕು. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡಗೆ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನೋಡುವುದು ಒಂದು. ಮೂರು ಕಾಲುಗಳ ನಡುವೆ ಮರಳಿನ ಚೀಲವನ್ನು ತೂಗುಬಿಡುವುದು ಇನ್ನೊಂದು. ಸಡಿಲವಾದ ಬೋಲ್ಟುಗಳನ್ನು ಬಿಗಿಯುವುದಂತೂ ಇದ್ದೇ ಇದೆ. ತೆಳುವಾದ ಅಲ್ಯೂಮಿನಿಯಂ ಕಾಲಿಗಿಂತ ಮರದ ಕಾಲು ನಡುಕವನ್ನು ಬೇಗ ನುಂಗುತ್ತದೆ. ಊರಿನ ಬಡಗಿಗೆ ಅಳತೆ ಕೊಟ್ಟು ಸಾಗುವಾನಿಯದೋ ಹೊನ್ನೆಯದೋ ಮೂರು ಕಾಲು ಮಾಡಿಸಿದರೆ ಅಂಗಡಿಯ ಕಾಲುಗಳನ್ನು ಮೀರಿಸುವಂತೆ ಆಗುತ್ತದೆ. ನಮ್ಮ ಬಡಗಿಗಳು ಕುಸುರಿಯ ಬಾಗಿಲು ಮಾಡುವವರು. ಮೂರು ಕಾಲು ಅವರಿಗೆ ಯಾವ ಲೆಕ್ಕ?

ಪೀಠ ಕೊಳ್ಳುವಾಗ ನಮ್ಮ ನಾಡಿಗೇ ಸೇರಿದ ಒಂದು ತೊಡಕನ್ನು ಗಮನದಲ್ಲಿಡಬೇಕು. ಪೀಠಗಳಲ್ಲಿ ಎರಡು ವಿಧ. ಬಲಕ್ಕೆ-ಎಡಕ್ಕೆ, ಮೇಲಕ್ಕೆ-ಕೆಳಕ್ಕೆ ತಿರುಗುವ ಸಾದಾ ಪೀಠ ಒಂದು. ಅದರ ಇಂಗ್ಲಿಷ್ ಹೆಸರು ಆಲ್ಟ್-ಅಜಿಮತ್. ಒಂದು ಅಕ್ಷವನ್ನು ಧ್ರುವ ನಕ್ಷತ್ರದತ್ತ ಓರೆಯಾಗಿ ನಿಲ್ಲಿಸಿ, ಒಂದೇ ತಿರುಪಿನಿಂದ ನಕ್ಷತ್ರವನ್ನು ಹಿಂಬಾಲಿಸುವ ಈಕ್ವಟೋರಿಯಲ್ ಪೀಠ ಇನ್ನೊಂದು. ಎರಡನೆಯದು ನೋಡಲು ಭಾರೀ ವೈಜ್ಞಾನಿಕವಾಗಿ ಕಾಣುವುದರಿಂದ ಅನೇಕರು ಅದಕ್ಕೇ ಮರುಳಾಗುತ್ತಾರೆ. ಆದರೆ ಅಕ್ಷವನ್ನು ಓರೆ ಮಾಡಬೇಕಾದದ್ದು ಆ ಊರಿನ ಅಕ್ಷಾಂಶದಷ್ಟು. ಲಂಡನ್ನಿಗೆ 51 ಡಿಗ್ರಿ, ಬೆಂಗಳೂರಿಗೆ 13, ಧಾರವಾಡಕ್ಕೆ ಸುಮಾರು 15½, ಬೀದರಿಗೆ ಸುಮಾರು 18. ಯುರೋಪು-ಅಮೆರಿಕಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೆಲವು ಪೀಠಗಳು ಇಷ್ಟು ಕೆಳಕ್ಕೆ ಬಗ್ಗುವುದೇ ಇಲ್ಲ. ಬಗ್ಗಿದರೂ ಸಮತೂಕದ ಗುಂಡಿನ ಸರಳು ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಇಷ್ಟಕ್ಕೂ ಬೆಂಗಳೂರಿನಲ್ಲಿ ಕ್ಷಿತಿಜದಿಂದ 13 ಡಿಗ್ರಿ ಎತ್ತರದಲ್ಲಿರುವ ಧ್ರುವ ನಕ್ಷತ್ರವು ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಅಡಗಿರುವ ಸಂಭವವೇ ಹೆಚ್ಚು. ಆದ್ದರಿಂದ ಕಣ್ಣಿನಿಂದ ನೋಡುವುದಷ್ಟೇ ಉದ್ದೇಶವಾದರೆ ನಿಧಾನ ಚಲನೆಯ ತಿರುಪುಗಳುಳ್ಳ ಗಟ್ಟಿಮುಟ್ಟಾದ ಸಾದಾ ಪೀಠವೇ ನಮಗೆ ಹಿತ. ಕೊಳ್ಳುವುದಾದರೆ ತಮ್ಮ ಕೊಳವೆಯ ತೂಕಕ್ಕಿಂತ ಹೆಚ್ಚು ಹೊರಬಲ್ಲದ್ದನ್ನೇ ಆರಿಸಬೇಕು. ನಾಲ್ಕು ಕಿಲೋ ತೂಕದ, ಒಂದು ಮೀಟರ್ ಉದ್ದದ ಕೊಳವೆಗೆ ನಾಲ್ಕು ಕಿಲೋ ಹೊರುವ ಪೀಠ ಸಾಲದು. ಉದ್ದವಾದ ವಸ್ತು ತೂಕಕ್ಕೆ ಮೀರಿ ಅಲುಗುತ್ತದೆ.

ಇದೇ ಅಕ್ಷಾಂಶ ನಮಗೊಂದು ಸೌಭಾಗ್ಯವನ್ನೂ ತಂದಿದೆ. ಲಂಡನ್ನಿನವರಿಗೆ ಓರೆಯಾಗಿ ತೋರುವ ಗ್ರಹಗಳು ನಮ್ಮಲ್ಲಿ ಎಷ್ಟೋ ಸಲ ನೆತ್ತಿಯ ಸಮೀಪಕ್ಕೇ ಬರುತ್ತವೆ. ಅಲ್ಲಿ ಗಾಳಿಯ ಪದರ ತೆಳು, ಬಿಂಬ ನಿಶ್ಚಲ. ಅದರ ಜೊತೆಗೇ ಒಂದು ಪಜೀತಿ: ಉದ್ದ ಕೊಳವೆಯನ್ನು ನೆತ್ತಿಗೆ ತಿರುಗಿಸಿದರೆ ಕಣ್ಣಿಡುವ ತುದಿ ನೆಲಕ್ಕಿಳಿಯುತ್ತದೆ, ಕೊಳವೆ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಅಗ್ಗದ ದೂರದರ್ಶಕಗಳ ಜೊತೆ ಬರುವ 45 ಡಿಗ್ರಿಯ ಡಯಾಗೊನಲ್ ಹಗಲಿನಲ್ಲಿ ಬೆಟ್ಟ-ಹಕ್ಕಿಗಳನ್ನು ನೋಡಲು ಸರಿ. ನೆತ್ತಿಯ ಮೇಲಿನ ಶನಿಯನ್ನು ಅದರಲ್ಲಿ ನೋಡಹೊರಟ ಹಿರಿಯರಿಗೆ ಮರುದಿನ ಕುತ್ತಿಗೆ ನೋವು ತಪ್ಪಿದ್ದಲ್ಲ. 90 ಡಿಗ್ರಿಯ ಡಯಾಗೊನಲ್ ಒಂದನ್ನು ತರಿಸಿಕೊಳ್ಳುವುದು ಅಲ್ಪ ವೆಚ್ಚದಲ್ಲಿ ಆಗುವ ದೊಡ್ಡ ಸುಧಾರಣೆ. ಬಿಂಬ ಎಡಬಲ ಅದಲುಬದಲಾಗಿ ಕಾಣುತ್ತದೆ. ಆಕಾಶದಲ್ಲಿ ಅದರಿಂದ ಬಾಧಕವಿಲ್ಲ. ಪೀಠಕ್ಕೂ ಟ್ರೈಪಾಡಿಗೂ ನಡುವೆ ಒಂದಡಿಯ ಕಂಬವನ್ನು ಸೇರಿಸಿದರೆ ಕೊಳವೆ ಕಾಲಿಗೆ ತಾಗುವುದೂ ತಪ್ಪುತ್ತದೆ.

ಕಣ್ಣಿಡುವ ಕಡೆ

ಪೀಠದ ನಂತರ ಕಣ್ಣುಮಸೂರಗಳು. ಜೊತೆಗೆ ಬಂದ 4 ಮಿ.ಮೀ. ಮಸೂರವನ್ನೂ ಮೂರು ಪಟ್ಟಿನ ಪ್ಲಾಸ್ಟಿಕ್ ಬಾರ್ಲೋವನ್ನೂ ಹೆಚ್ಚಿನವರು ಡಬ್ಬಿಯಲ್ಲಿಯೇ ಬಿಟ್ಟುಬಿಡಬಹುದು. 1000 ಮಿ.ಮೀ. ಸಂಗಮ ದೂರದ ದೂರದರ್ಶಕಕ್ಕೆ ಮೂರು ಮಸೂರ ಸಾಕು. 32 ಮಿ.ಮೀ. ಪ್ಲಾಸಲ್ ಮಸೂರ 31 ಪಟ್ಟು ಕೊಟ್ಟು ಆಕಾಶದಲ್ಲಿ ಒಂದೂವರೆ ಡಿಗ್ರಿ, ಅಂದರೆ ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಡುವಷ್ಟು ಜಾಗವನ್ನು ತೋರಿಸುತ್ತದೆ. 15 ಮಿ.ಮೀ. ಮಸೂರ 67 ಪಟ್ಟು ಕೊಡುತ್ತದೆ. ಪೂರ್ಣ ಚಂದ್ರನಿಗೆ ಇದು ಹಿತ. ಗ್ರಹಗಳಿಗೆ 7 ಅಥವಾ 8 ಮಿ.ಮೀ. ಸುತ್ತಿನದೊಂದು ಇರಲಿ. ಪ್ಲಾಸಲ್ ಎಂಬುದು ವಿಯೆನ್ನಾದ ಕುಶಲಕರ್ಮಿ ಗೇಯೊರ್ಗ್ ಸೈಮನ್ ಪ್ಲಾಸಲ್ 1860ರಲ್ಲಿ ರೂಪಿಸಿದ ಬಗೆ. ಇಂದಿಗೂ ಅಗ್ಗದಲ್ಲಿ ಉತ್ತಮವಾದುದು. ಆದರೆ ಸಣ್ಣ ಸಂಗಮ ದೂರದ ಪ್ಲಾಸಲ್‌ನಲ್ಲಿ ರೆಪ್ಪೆ ಗಾಜಿಗೆ ತಾಗುವಷ್ಟು ಹತ್ತಿರ ಕಣ್ಣಿಡಬೇಕಾಗುತ್ತದೆ. ಮನೆಯಲ್ಲಿ ಕನ್ನಡಕ ಹಾಕುವವರಿದ್ದರೆ ಮೂರನೆಯದನ್ನು ಕಣ್ಣಿಗೆ ದೂರ ಕೊಡುವ ಬೇರೆ ಬಗೆಯಲ್ಲಿ ಕೊಳ್ಳುವುದು ಮೇಲು. ಕೇವಲ ದೂರದೃಷ್ಟಿ-ಸಮೀಪದೃಷ್ಟಿಯ ಕನ್ನಡಕವಾದರೆ ಅದನ್ನು ತೆಗೆದಿಟ್ಟು ಫೋಕಸ್ ಹೊಂದಿಸಿಕೊಂಡರೂ ನಡೆಯುತ್ತದೆ.

ಕೊಳ್ಳುವಾಗ 1.25 ಇಂಚಿನ ಕೊರಳಿನ ಮಸೂರಗಳನ್ನೇ ಕೊಳ್ಳಬೇಕು. ಹಳೆಯ ಸಣ್ಣ ದೂರದರ್ಶಕಗಳಲ್ಲಿದ್ದ 0.965 ಇಂಚಿನವು ಈಗ ಬಳಕೆ ತಪ್ಪಿವೆ. ಮುಂದೆ ಕೊಳವೆ ಬದಲಾಯಿಸಿದರೂ 1.25 ಇಂಚಿನ ಮಸೂರಗಳು ಹೊಸದಕ್ಕೆ ಹೊಂದುತ್ತವೆ. ಒಳ್ಳೆಯ ಪೀಠವೂ ಒಳ್ಳೆಯ ಕಣ್ಣುಮಸೂರವೂ ಮನೆಯ ಆಸ್ತಿಯಿದ್ದಂತೆ. ಕೊಳವೆ ಬಂದು ಹೋಗುತ್ತದೆ, ಇವು ಉಳಿಯುತ್ತವೆ.

ಇಷ್ಟಾದ ಮೇಲೆ ಅದೇ ಹಳೆಯ ಕೊಳವೆ ಏನೇನು ತೋರಿಸುತ್ತದೆಂಬುದನ್ನು ಕಂಡು ಮನೆಯವರಿಗೇ ಆಶ್ಚರ್ಯವಾಗಬಹುದು. ನೂರು ಮಿ.ಮೀ. ಮಸೂರವು ಚಂದ್ರನ ಮೇಲೆ ಎರಡು-ಮೂರು ಕಿಲೋಮೀಟರಿನಷ್ಟು ಸಣ್ಣ ವಿವರವನ್ನು ಬಿಡಿಸಬಲ್ಲದು. ಗುರುವಿನ ಪಟ್ಟೆಗಳು, ನಾಲ್ಕು ಉಪಗ್ರಹಗಳು ನಿತ್ಯದ ನೋಟ. ಶನಿಯ ಉಂಗುರಗಳು 2025ರ ಮಾರ್ಚಿಯಲ್ಲಿ ಭೂಮಿಗೆ ಅಂಚು ತೋರಿ ಗೆರೆಯಂತಾಗಿದ್ದವು. ಅಲ್ಲಿಂದ ಮುಂದೆ ಅವು ತೆರೆದುಕೊಳ್ಳುತ್ತ 2032ರ ಸುಮಾರಿಗೆ ಪೂರ್ಣವಾಗಿ ಹರಡಿ ಕಾಣುತ್ತವೆ. ಆಗ ಉಂಗುರಗಳ ನಡುವಿನ ಕ್ಯಾಸಿನಿ ಕಪ್ಪುಗೆರೆಯೂ ಸ್ಪಷ್ಟ. ಈ ವರ್ಷಗಳಲ್ಲಿ ದೂರದರ್ಶಕ ಕೊಂಡ ಮನೆಯ ಮಕ್ಕಳು ತಾವು ಬೆಳೆಯುತ್ತಿರುವಂತೆಯೇ ಉಂಗುರವೂ ಅರಳುವುದನ್ನು ಕಾಣಬಹುದು. ಸಪ್ತರ್ಷಿ ಮಂಡಲದ ವಸಿಷ್ಠ-ಅರುಂಧತಿಯರನ್ನು ನೋಡಿದರೆ ವಸಿಷ್ಠನೇ ಎರಡು ನಕ್ಷತ್ರಗಳಾಗಿ ಒಡೆದು ತೋರುತ್ತಾನೆ. ಮೇ-ಜೂನ್ ಸಂಜೆಗಳಲ್ಲಿ ಮೋಡವಿಲ್ಲದಿದ್ದರೆ ದಕ್ಷಿಣದ ಕ್ಷಿತಿಜದ ಬಳಿ ಆಲ್ಫಾ ಸೆಂಟಾರಿಯನ್ನು ಹುಡುಕಬೇಕು. ಅದು ಜೋಡಿ ನಕ್ಷತ್ರವೆಂದು ಮೊದಲು ಕಂಡದ್ದು ನಮ್ಮ ಪಕ್ಕದ ಪುದುಚೇರಿಯಿಂದಲೇ. 1689ರ ಡಿಸೆಂಬರಿನಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದ ಜೆಸ್ವಿಟ್ ಪಾದ್ರಿ ರಿಷೋ ಅದನ್ನು ಗುರುತಿಸಿದರು. ಲಂಡನ್ನಿನವರಿಗೆ ಈ ನಕ್ಷತ್ರ ಕಾಣುವುದೇ ಇಲ್ಲ.

ಸೂರ್ಯ ಮತ್ತು ಮಳೆಗಾಲ

ಸೂರ್ಯನ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳಲೇಬೇಕಾದ ಮಾತಿದೆ. ದೂರದರ್ಶಕದ ಮೂಲಕ ಕ್ಷಣಮಾತ್ರ ಸೂರ್ಯನನ್ನು ನೋಡಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು. ಕಣ್ಣುಮಸೂರಕ್ಕೆ ತಿರುಗಿಸಿ ಕೂಡಿಸುವ ಕಪ್ಪು ಗಾಜಿನ ಬಿಲ್ಲೆ ಕೆಲವು ಪೆಟ್ಟಿಗೆಗಳಲ್ಲಿ ಇರುತ್ತದೆ. ಕೂಡಿದ ಬಿಸಿಲಿನ ಕಾವಿಗೆ ಅದು ನೋಡುತ್ತಿರುವಾಗಲೇ ಸಿಡಿಯಬಲ್ಲುದು. ಮನೆಯಲ್ಲಿ ಅಂಥದ್ದಿದ್ದರೆ ಮಕ್ಕಳ ಕೈಗೆ ಸಿಗುವ ಮೊದಲೇ ಒಡೆದು ಕಸಕ್ಕೆ ಹಾಕಬೇಕು. ಸೂರ್ಯಶೋಧಕವು ಯಾವಾಗಲೂ ದೂರದರ್ಶಕದ ಮುಂದಿನ ಬಾಯಿಯನ್ನೇ ಪೂರ್ತಿ ಮುಚ್ಚುವಂತಿರಬೇಕು, ಗಾಳಿಗೆ ಹಾರದಂತೆ ಬಿಗಿದಿರಬೇಕು; ಪಕ್ಕದ ಸಣ್ಣ ಫೈಂಡರಿಗೂ ಮುಚ್ಚಳವಿರಬೇಕು. ಹಗಲಿನಲ್ಲಿ ದೂರದರ್ಶಕವನ್ನು ಅಂಗಳದಲ್ಲಿ ಬಿಟ್ಟು ಒಳಗೆ ಹೋಗುವುದು ಸಲ್ಲದು.

ಎರಡನೆಯ ವೈರಿ ಮಳೆಗಾಲ. ಮಲೆನಾಡು-ಕರಾವಳಿಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವುದನ್ನು ಎಲ್ಲರೂ ಬಲ್ಲರು. ಮಸೂರಕ್ಕೂ ಅದೇ ಗತಿ. ಜೇಡರ ಬಲೆಯಂಥ ಎಳೆಗಳು ಗಾಜಿನ ಲೇಪವನ್ನೇ ತಿಂದುಹಾಕುತ್ತವೆ. ಇಬ್ಬನಿ ಬಿದ್ದ ರಾತ್ರಿ ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿಡಬಾರದು. ಕೋಣೆಯೊಳಗೆ ತಾನಾಗಿ ಒಣಗಿದ ಮೇಲೆ ಮುಚ್ಚತಕ್ಕದ್ದು. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಕಣ್ಣುಮಸೂರಗಳನ್ನಿಟ್ಟು, ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಧೂಳನ್ನು ಪಂಚೆಯ ಅಂಚಿನಿಂದ ಒರೆಸುವ ಅಭ್ಯಾಸ ಮಾತ್ರ ಬೇಡ. ನಾಲ್ಕು ಧೂಳಿನ ಕಣ ಬಿಂಬವನ್ನು ಕೆಡಿಸವು, ಒರೆಸಿದ ಗೀರು ಕೆಡಿಸುತ್ತದೆ.

ಕೊಳವೆ ಬದಲಿಸುವುದು ಯಾವಾಗ?

ಪೀಠ, ಡಯಾಗೊನಲ್, ಕಣ್ಣುಮಸೂರ ಆದ ಮೇಲೂ ಇನ್ನಷ್ಟು ಬೇಕೆನಿಸಿದರೆ ಆಗ ಕೊಳವೆಯ ವಿಚಾರ. ಇಲ್ಲಿ ಗಣಿತವನ್ನು ಮರೆಯಬಾರದು. ಬೆಳಕು ಕೂಡುವುದು ವ್ಯಾಸದ ವರ್ಗಕ್ಕೆ ಅನುಸಾರವಾಗಿ. 70 ಮಿ.ಮೀ.ನಿಂದ 102ಕ್ಕೆ ಏರಿದರೆ ಬೆಳಕು ಎರಡು ಪಟ್ಟಿಗೂ ಮೀರುತ್ತದೆ, ಏರಿಕೆ ಸಾರ್ಥಕ. 102ರಿಂದ 120ಕ್ಕೆ ಏರಿದರೆ ಶೇಕಡ 38ರಷ್ಟು ಮಾತ್ರ ಹೆಚ್ಚು, ಆದರೆ ಪೀಠ ಮತ್ತೆ ಸಾಲದಾಗುತ್ತದೆ. ನೀಹಾರಿಕೆ, ಗ್ಯಾಲಕ್ಸಿಗಳ ಹಂಬಲವಿದ್ದು ಊರಿನ ಹೊಲದಲ್ಲಿ ಕತ್ತಲೆಯ ಆಕಾಶ ದೊರೆಯುವವರು ಮಸೂರದ ಮೋಹ ಬಿಟ್ಟು 8 ಇಂಚಿನ ಕನ್ನಡಿಯ ದೂರದರ್ಶಕವನ್ನು ಕೊಳ್ಳುವುದು ಜಾಣತನ. ಅದು 102 ಮಿ.ಮೀ.ನ ನಾಲ್ಕರಷ್ಟು ಬೆಳಕು ಕೂಡಿಸುತ್ತದೆ. ನೇರಳೆ ಅಂಚು ಮನಸ್ಸಿಗೆ ಕಿರಿಕಿರಿ ಮಾಡುತ್ತಿದ್ದರೆ, ಅಥವಾ ಛಾಯಾಚಿತ್ರದ ಗೀಳು ಹಿಡಿದಿದ್ದರೆ 80ರಿಂದ 100 ಮಿ.ಮೀ.ನ ಇ.ಡಿ. ದೂರದರ್ಶಕ ತಕ್ಕುದು. ಚಂದ್ರನ ಚಿತ್ರವನ್ನಾದರೋ ಕಣ್ಣುಮಸೂರಕ್ಕೆ ಮೊಬೈಲು ಹಿಡಿದೇ ತೆಗೆಯಬಹುದು. ನೀಹಾರಿಕೆಗಳ ಚಿತ್ರಕ್ಕೆ ಇಳಿದರೆ ಮೋಟಾರು ಪೀಠ, ಕ್ಯಾಮೆರಾ ಎಂದು ಖರ್ಚು ದೂರದರ್ಶಕದ ಬೆಲೆಯನ್ನೂ ದಾಟಿ ಓಡುತ್ತದೆ. ಮಗಳ ಮದುವೆಯೋ ಮನೆಯ ಸಾಲವೋ ಎದುರಿಗಿರುವವರು ಆ ದಾರಿ ಹಿಡಿಯುವ ಮುನ್ನ ಮನೆಯಲ್ಲಿ ಕುಳಿತು ಮಾತನಾಡಿಕೊಳ್ಳುವುದು ಕ್ಷೇಮ. 2023ರಿಂದ ಸೀಸ್ಟಾರ್‌ನಂಥ 50 ಮಿ.ಮೀ. ಯಂತ್ರಗಳು ಬಂದಿವೆ. ಅವು ತಾವೇ ಆಕಾಶವನ್ನು ಹುಡುಕಿ ಚಿತ್ರವನ್ನು ಮೊಬೈಲಿಗೆ ಕಳಿಸುತ್ತವೆ. ಚಿತ್ರಗಳು ಸುಂದರವಾಗಿಯೇ ಇರುತ್ತವೆ. ಆದರೆ ಅದರಲ್ಲಿ ಕಣ್ಣಿಡುವ ಜಾಗವೇ ಇಲ್ಲ. ಶನಿಯಿಂದ ಹೊರಟ ಬೆಳಕು ನೇರವಾಗಿ ಮಗುವಿನ ಕಣ್ಣಿಗೆ ಬೀಳುವ ಆನಂದವನ್ನು ಅದು ಕೊಡಲಾರದು.

ಯಾವುದನ್ನೇ ಕೊಳ್ಳುವ ಮುನ್ನ ಒಮ್ಮೆ ಬೇರೆಯವರ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವುದು ಒಳಿತು. 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದಂಥವುಗಳ ಆಕಾಶ ವೀಕ್ಷಣೆಗೆ ಮಕ್ಕಳನ್ನು ಕರೆದೊಯ್ದರೆ ಹತ್ತು ಜಾಹೀರಾತು ಓದುವುದಕ್ಕಿಂತ ಹೆಚ್ಚು ತಿಳಿಯುತ್ತದೆ. ಬಳಸಿದ್ದನ್ನು ಕೊಳ್ಳುವವರು ಮಸೂರದ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ಬೂಷ್ಟಿನ ಎಳೆಗಳಿವೆಯೇ ನೋಡಬೇಕು. ಅನಂತರ ನಕ್ಷತ್ರವೊಂದನ್ನು ಹಿಡಿದು ಫೋಕಸನ್ನು ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಮಾಡಬೇಕು. ಎರಡು ಕಡೆಯೂ ದುಂಡನೆಯ ಏಕಕೇಂದ್ರದ ಬಳೆಗಳು ಕಂಡರೆ ಮಸೂರ ಸರಿಯಿದೆ. ಬಳೆಗಳು ಒಂದು ಬದಿಗೆ ವಾಲಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಹೊಸದು ಬಂದ ಮನೆಯಲ್ಲಿ ಹಳೆಯ ಕೊಳವೆಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿಯುತ್ತದೆ. ಮಾರಿದರೆ ಹೆಚ್ಚೇನೂ ಬಾರದು. ಹುಟ್ಟೂರಿನ ಶಾಲೆಗೆ ಕೊಡಬಯಸುವವರು ಕೊಳವೆಯೊಂದನ್ನೇ ಕೊಟ್ಟು ಕೈತೊಳೆದುಕೊಳ್ಳದೆ, ಬಡಗಿ ಮಾಡಿದ ಗಟ್ಟಿ ಕಾಲುಗಳನ್ನೂ ಎರಡು ಕಣ್ಣುಮಸೂರಗಳನ್ನೂ ಜೊತೆಗೆ ಕೊಡಬೇಕು. ಸೂರ್ಯನತ್ತ ತಿರುಗಿಸಬಾರದೆಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಳವೆಗೇ ಅಂಟಿಸಿ, ವಿಜ್ಞಾನದ ಮೇಷ್ಟರಿಗೆ ಒಂದು ರಾತ್ರಿ ಅಲ್ಲಿಯೇ ಉಳಿದು ತೋರಿಸಿಕೊಟ್ಟು ಬರತಕ್ಕದ್ದು.